ಬಿತ್ತಿಗೆ ಹೊತ್ತಿಗೆ ಬಿಡಿಭಾಗ

ಯಮನೂರು ನವಲಗುಂದ ತಾಲೂಕಿನ ಊರು. ಬೆಣ್ಣಿಹಳ್ಳದ ದಂಡೆಯ ಮೇಲಿದೆ. ಸುತ್ತಲೂ ಎರೆ ಹೊಲ. ಎರೆ ಹೊಲದ ಹದ ನಿಮಗೆ ಗೊತ್ತೇ ಇದೆ. ಮಳೆಯಾದಾಗ ಕಾಲಿಡಲು ಆಗದು. ಆರಿದರೆ ಕಲ್ಲು. ನಡುವೆ ಸಿಗುವ ನಾಲ್ಕು ದಿನದಲ್ಲೇ ಹೆಸರು ಬಿತ್ತಬೇಕು.

ಆಗಲೇ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬೀಜ ಬಿಡುವ ಪ್ಲಾಸ್ಟಿಕ್ ಗಾಲಿ ಮುರಿಯಿತು ಅನ್ನಿ. ಅದು ಅಂಗೈಯಷ್ಟೂ ಇಲ್ಲ. ಆದರೆ ಕೂರಿಗೆ ನಿಂತಿತು. ನವಲಗುಂದದಲ್ಲಿ ಕೇಳಿದಿರಿ. "ಆ ಮಾಡಲ್ ಹಳೇದಾತ್ರಿ, ಈಗ ಬರೂದಿಲ್ಲ" ಅಂದರು. ಹುಬ್ಬಳ್ಳಿಗೆ ಹೋದಿರಿ. "ಕಂಪನಿಯಿಂದ ತರಸಬೇಕ್ರಿ, ಎಂಟು ದಿನ" ಅಂದರು. ಹದ ಎಂಟು ದಿನ ಕಾಯುತ್ತದೆಯೇ?

ಅಂಗಡಿಯವರದು ತಪ್ಪಲ್ಲ. ಎಲ್ಲ ಯಂತ್ರಗಳ ಎಲ್ಲ ಭಾಗ ತಂದಿಟ್ಟರೆ ಅವರ ದುಡ್ಡು ಕಪಾಟಿನಲ್ಲೇ ಕೂತುಬಿಡುತ್ತದೆ. ಬೇಗ ಮಾರಾಟ ಆಗುವುದನ್ನೇ ಇಡುತ್ತಾರೆ.

ಮರದ ಕೂರಿಗೆ ಇದ್ದಾಗ ಈ ತೊಂದರೆ ಇರಲಿಲ್ಲ. ಕುಡ ಸವೆದರೆ ಕಂಬಾರ, ತಾಳು ಮುರಿದರೆ ಬಡಿಗ. ಬೇಕಾದಾಗ, ಬೇಕಾದಷ್ಟೇ ಮಾಡಿಕೊಡುತ್ತಿದ್ದರು. ನಮ್ಮ ಕಡೆ ಕೈಕಸುಬಿಗೆ ಕೊರತೆ ಇಲ್ಲ. ಬಿತ್ತುವ ಯಂತ್ರ ಮಾಡಿದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಈಗ ಅದೇ ಕೆಲಸಕ್ಕೆ ಹೊಸ ಯಂತ್ರ ಬಂದಿದೆ. ಹೆಸರು ತ್ರೀಡಿ ಪ್ರಿಂಟರ್. ಮೊದಲು ಭಾಗದ ಅಳತೆ ತೆಗೆದು ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಾರೆ. ಯಂತ್ರವು ಪ್ಲಾಸ್ಟಿಕ್ ಎಳೆಯನ್ನು ಸುಮಾರು 200 ಡಿಗ್ರಿ ಕಾವಿನಲ್ಲಿ ಕರಗಿಸುತ್ತದೆ. ಶಾವಿಗೆ ಒತ್ತಿದ ಹಾಗೆ ಬಿಡುತ್ತ, ಪದರದ ಮೇಲೆ ಪದರ ಹಾಕಿ ಭಾಗ ಕಟ್ಟುತ್ತದೆ. ಸಣ್ಣ ಗಾಲಿಗೆ ಕೆಲವು ತಾಸು ಸಾಕು. ಚಿತ್ರ ಇದ್ದರೆ ಆಯ್ತು, ಸಾಮಾನು ಕೂಡಿಡುವುದು ಬೇಡ. 2014ರಲ್ಲಿ ಆಕಾಶದಲ್ಲಿ ಸುತ್ತುವ ಬಾಹ್ಯಾಕಾಶ ನಿಲ್ದಾಣಕ್ಕೆ ಭೂಮಿಯಿಂದ ಒಂದು ಪಾನಾದ ಚಿತ್ರ ಮಾತ್ರ ಕಳಿಸಿದರು. ಪಾನಾ ಅಲ್ಲೇ ತಯಾರಾಯಿತು!

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಯಂತ್ರಗಳಿವೆ. ಆದರೆ ಎಲ್ಲಕ್ಕೂ ಇದು ನಡೆಯದು. ಅಗ್ಗದ ಪ್ಲಾಸ್ಟಿಕ್ 60 ಡಿಗ್ರಿ ಕಾವಿಗೇ ಮೆತ್ತಗಾಗುತ್ತದೆ. ಅದನ್ನು ಎಂಜಿನ್ನಿಗೆ, ಬ್ರೇಕಿಗೆ ಹಾಕಲೇಬಾರದು. ಕಬ್ಬಿಣದ ಕೆಲಸಕ್ಕೆ ಲೇಥ್ ಅಂಗಡಿಯೇ ಸರಿ.

ಹಾಗಾದರೆ ಮನೆಯಲ್ಲಿ ಏನಿಡಬೇಕು? ಬೆಲ್ಟು, ಬೋಲ್ಟು, ಪಿನ್ನು, ವಾಷರ್ ಇಡಿ. ಇವು ಪದೇ ಪದೇ ಹಾಳಾಗುತ್ತವೆ, ಬೆಲೆಯೂ ಕಡಿಮೆ. ಅಪರೂಪಕ್ಕೆ ಮುರಿಯುವ ಭಾಗ ತಂದಿಡಬೇಡಿ. ಅದರ ಅಳತೆ ಇಟ್ಟುಕೊಳ್ಳಿ. ಭಾಗದ ಮೇಲೆ ನಂಬರ್ ಇದ್ದರೆ ಓದಿ, ವಹಿಯಲ್ಲಿ ಬರೆಯಿರಿ. ಈಗ ನಿಮಗೆ ಓದಲು ಬರುತ್ತದಲ್ಲ! ಮುರಿದ ತುಂಡು ಬಿಸಾಡಬೇಡಿ. ತುಂಡು ಕೂಡಿಸಿಯೂ ಅಳತೆ ತೆಗೆಯಬಹುದು.

ಚಾಂಗದೇವರ ಜಾತ್ರೆ ಮುಗಿದ ಮೇಲೆ, ಮುಂಗಾರಿಗೆ ಮೊದಲು, ಕೂರಿಗೆಯನ್ನು ಹೊರಗೆ ಎಳೆಯಿರಿ. ಒಂದೊಂದೇ ಗಾಲಿ ಕೈಯಿಂದ ತಿರುವಿ ನೋಡಿ. ಬಿರುಕು ಕಂಡರೆ ಅಂದೇ ವಹಿ ತೆಗೆಯಿರಿ.