ಎಳೆದರೆ ಬೆಳೆಯುವ ಮೇಜು

ನಾಲ್ಕು ಜನ ಕೂರುವ ಊಟದ ಮೇಜಿಗೆ ಎಂಟು ಜನ ಬಂದರೆ? 1950ರ ದಶಕದ ಡ್ಯಾನಿಶ್ ತೇಗದ ಮೇಜಾದರೆ ಚಿಂತೆಯಿಲ್ಲ. ಅಂಚಿನಡಿ ಕೈಯಿಟ್ಟು ಎಳೆದರೆ ಒಳಗಿನಿಂದ ಇನ್ನೊಂದು ಹಲಗೆ ಜಾರಿ ಹೊರಬರುತ್ತದೆ. ಬರುತ್ತ ಬರುತ್ತ ಮೇಲೇರುತ್ತದೆ. ಪೂರ್ತಿ ಈಚೆ ಬಂದೊಡನೆ, ಅಷ್ಟು ಹೊತ್ತು ಅದರ ಬೆನ್ನ ಮೇಲೆ ಸವಾರಿ ಮಾಡುತ್ತಿದ್ದ ದೊಡ್ಡ ಹಲಗೆ ಟಪ್ಪನೆ ಕೆಳಗಿಳಿದು ಪಕ್ಕದಲ್ಲೇ ಸಮತಟ್ಟಾಗಿ ಕೂರುತ್ತದೆ. ಇನ್ನೊಂದು ತುದಿಯಲ್ಲೂ ಇದೇ ಆಟ. ಸ್ಪ್ರಿಂಗಿಲ್ಲ, ಕೀಲಿಲ್ಲ, ಹಲ್ಲುಚಕ್ರವಿಲ್ಲ.

ಒಂದು ಅಂತಸ್ತು ಕೆಳಗೆ ಮಲಗಿದ್ದ ಹಲಗೆ ಮೇಲೆ ಬಂದದ್ದು ಹೇಗೆ? ಗುಟ್ಟಿರುವುದು ಅದರ ಅಡಿಗೆ ಬಿಗಿದ ಎರಡು ಉದ್ದನೆಯ ಮರದ ಪಟ್ಟಿಗಳಲ್ಲಿ. ಅವನ್ನು ಬಡಗಿ ಓರೆಯಾಗಿ ಕೀಸಿರುತ್ತಾನೆ. ಚೌಕಟ್ಟಿನ ಕಚ್ಚುಗಳಲ್ಲಿ ಪಟ್ಟಿಗಳು ಜಾರಿದಂತೆ ಆ ಓರೆಯೇ ಹಲಗೆಯನ್ನು ಮೇಲಕ್ಕೆತ್ತುತ್ತದೆ. ಹಲಗೆಯ ದಪ್ಪ 2 ಸೆಂಟಿಮೀಟರ್, ಎಳೆಯುವ ದೂರ 50 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬೇಕಾದ ಇಳಿಜಾರು 25ಕ್ಕೆ 1, ಅಂದರೆ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಕಣ್ಣಿಗೆ ಕಾಣುವುದೇ ಕಷ್ಟ.

ಮೇಲಿನ ದೊಡ್ಡ ಹಲಗೆಯನ್ನು ಎಲ್ಲೂ ಅಂಟಿಸಿರುವುದಿಲ್ಲ. ಅದರ ಅಡಿಯ ಎರಡು ಗೂಟಗಳು ನಡುವಿನ ಸ್ಥಿರ ಪಟ್ಟಿಯ ತೂತುಗಳಲ್ಲಿ ಸಡಿಲವಾಗಿ ಇಳಿದಿರುತ್ತವೆ, ಅಷ್ಟೆ. ಹಾಗಾಗಿ ಅದು ಮೇಲೆ ಕೆಳಗೆ ಆಡಬಲ್ಲದು, ಅಕ್ಕಪಕ್ಕ ಸರಿಯಲಾರದು. ಹೊರಬಂದ ಹಲಗೆಯನ್ನು ಒಳಗೆ ತಳ್ಳುವಾಗ ದೊಡ್ಡ ಹಲಗೆಯ ಅಂಚನ್ನು ತುಸು ಎತ್ತಿ ಹಿಡಿದರೆ ಸಾಕು.

ಇನ್ನು ಭಾರದ ಮಾತು. ಹೊರಗೆ ಚಾಚಿದ ಹಲಗೆಗೆ ಕೆಳಗೆ ಕಾಲಿಲ್ಲ. ಅತಿಥಿಯೊಬ್ಬರು ಅದರ ಮೇಲೆ ಮೊಣಕೈ ಊರಿದರೆ ಪಟ್ಟಿಗಳು ಸನ್ನೆಗೋಲುಗಳಾಗುತ್ತವೆ: ಚೌಕಟ್ಟಿನ ಅಂಚು ಆನಿಕೆ, ಪಟ್ಟಿಯ ಒಳತುದಿ ನಡುವಿನ ಸ್ಥಿರ ಪಟ್ಟಿಯನ್ನು ಕೆಳಗಿನಿಂದ ಒತ್ತಿ ಭಾರ ತಡೆಯುತ್ತದೆ. ಒಳಗೆ ಉಳಿದ ಭಾಗ ಉದ್ದವಿದ್ದಷ್ಟೂ ಒಳ್ಳೆಯದು. ಅದಕ್ಕೇ ಎರಡು ತುದಿಗಳ ಪಟ್ಟಿಗಳು ಡಿಕ್ಕಿ ಹೊಡೆಯದೆ ಒಂದರ ಪಕ್ಕ ಒಂದು ಹಾದುಹೋಗುವಂತೆ ಜೋಡಿಸಿರುತ್ತಾರೆ.

ಇದನ್ನು ಡೇನರ ಆವಿಷ್ಕಾರವೆಂದು ಮಾರುವವರಿದ್ದಾರೆ, ಅದು ಸರಿಯಲ್ಲ. ಯುರೋಪಿನಲ್ಲಿ 16ನೇ ಶತಮಾನದಲ್ಲೇ, ಕಡೆದು ಉಬ್ಬಿಸಿದ ಕಾಲುಗಳ ಭಾರಿ ಓಕ್ ಮೇಜುಗಳಲ್ಲಿ ಈ ಉಪಾಯವಿತ್ತು. ಡೇನರು ಮಾಡಿದ್ದು ಬೊಜ್ಜು ಕರಗಿಸುವ ಕೆಲಸ. 1924ರಲ್ಲಿ ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ ಪೀಠೋಪಕರಣ ವಿಭಾಗ ಶುರುವಾದಾಗ ಅಲ್ಲಿ ಪಾಠ ಹೇಳಿದ ಕೋರೆ ಕ್ಲಿಂಟ್, ಮನುಷ್ಯನ ಮೈಯಳತೆ ಮತ್ತು ಬಳಕೆಯ ವಸ್ತುಗಳ ಅಳತೆಯಿಂದಲೇ ವಿನ್ಯಾಸ ಹುಟ್ಟಬೇಕೆಂದು ಹಟ ಹಿಡಿದವರು. 1927ರಿಂದ 1966ರವರೆಗೆ ಅಲ್ಲಿನ ಬಡಗಿಗಳ ಸಂಘ ನಡೆಸಿದ ವಾರ್ಷಿಕ ಪ್ರದರ್ಶನಗಳು ವಿನ್ಯಾಸಕಾರರನ್ನೂ ಉಳಿ ಹಿಡಿದವರನ್ನೂ ಒಂದೆಡೆ ಕೂರಿಸಿದವು. ಚಮ್ಮಾರರ ಮಗ, ಸ್ವತಃ ಬಡಗಿ ಕೆಲಸ ಕಲಿತ ಹಾನ್ಸ್ ವೆಗ್ನರ್ ಆಂಡ್ರೆಯಾಸ್ ಟುಕ್ ಕಾರ್ಖಾನೆಗಾಗಿ ರೂಪಿಸಿದ ಎಟಿ-312 ಇಂಥ ಮೇಜುಗಳ ಪೈಕಿ ಹೆಸರಾದದ್ದು: ತೇಗದ ಹಲಗೆ, ಓಕ್ ಕಾಲು, ಅಡಗಿದ ಎರಡು ರೆಕ್ಕೆ.

ಸ್ವೀಡನ್ನಿನ ವಿನ್ಯಾಸಕಾರ ಬ್ರೂನೊ ಮಾಟ್ಸನ್ ಬೇರೆಯದೇ ದಾರಿ ಹಿಡಿದರು. 1930ರ ದಶಕದ ಅವರ 'ಮರಿಯಾ' ಮೇಜಿನದು ಮಡಚುವ ರೆಕ್ಕೆ. ಮಡಚಿದಾಗ ಕಾಲು ಮೀಟರಿಗಿಂತ ಕಡಿಮೆ ಅಗಲ, ಬಿಚ್ಚಿದಾಗ 2.8 ಮೀಟರ್!

ಜಾರುವ ಹಲಗೆಗೆ ದೊಡ್ಡ ಶತ್ರು ತೇವಾಂಶ. ಮರ ಎಳೆಯ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಸೊಟ್ಟಗೂ ಆಗುತ್ತದೆ. ಎರಡು ಹಲಗೆಗಳ ನಡುವಿನ ಸಂದು ತೀರಾ ಕಿರಿದಾದ್ದರಿಂದ ಒಂದಿಷ್ಟು ಬಾಗಿದರೂ ಮೇಜು ಕಚ್ಚಿಕೊಳ್ಳುತ್ತದೆ. ಹಸಿ ಮರ ಪೂರ್ತಿ ಒಣಗುವಾಗ ವರ್ಷದುಂಗುರಗಳ ದಿಕ್ಕಿನಲ್ಲಿ ಬೀಚ್ ಶೇ 12ರ ಹತ್ತಿರ ಕುಗ್ಗಿದರೆ ತೇಗ ಸುಮಾರು ಶೇ 6 ಮಾತ್ರ. ಥಾಯ್ಲೆಂಡ್, ಬರ್ಮಾಗಳಿಂದ ಹಡಗೇರಿ ಬಂದ ತೇಗ ಡೇನರ ಕೈಗೆ ಹೀಗೆ ಒಗ್ಗಿತು. ಮೇಲ್ಮೈಗೆ ಬಹಳಷ್ಟು ಕಾರ್ಖಾನೆಗಳು ಬಳಸಿದ್ದು ಗಟ್ಟಿ ತೇಗವನ್ನಲ್ಲ, ಅಲುಗಾಡದ ಒಳಹಲಗೆಗೆ ಅಂಟಿಸಿದ ತೆಳು ಪದರ, ಅಂದರೆ ವೆನೀರ್. ಅದನ್ನು ಮೋಸವೆನ್ನುವುದು ಅನ್ಯಾಯ. ಈ ಯಂತ್ರಕ್ಕೆ ಅದೇ ಸರಿಯಾದ ವಸ್ತು.

ಇವುಗಳಲ್ಲಿ ಕೆಲವು ಬ್ರೆಜಿಲ್ ರೋಸ್‌ವುಡ್ಡಿನವು. ಆ ಮರ 1992ರಿಂದ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅತಿ ಬಿಗಿ ಪಟ್ಟಿಯಲ್ಲಿದೆ. ಹಳೆಯ ಮೇಜಾದರೂ ಕಾಗದಪತ್ರವಿಲ್ಲದೆ ಗಡಿ ದಾಟುವಂತಿಲ್ಲ. ನಮ್ಮ ಮಲೆನಾಡಿನ ಬೀಟೆ ಅದೇ ಡಾಲ್ಬರ್ಜಿಯಾ ಕುಲದ್ದು. 2017ರಿಂದ ಇಡೀ ಕುಲವೇ ಒಪ್ಪಂದದ ನಿಗಾದಡಿ ಬಂದಿದೆ.

ಹಳೆಯ ಮೇಜು ಕೊಳ್ಳುವ ಜಾಣರು ಮೊದಲು ರೆಕ್ಕೆಗಳನ್ನು ಹೊರಗೆಳೆದು ಬಣ್ಣ ನೋಡುತ್ತಾರೆ. ಬೆಳಕಿಗೆ ಮರದ ಬಣ್ಣ ಬದಲಾಗುತ್ತದೆ. ವರ್ಷಗಟ್ಟಲೆ ಕತ್ತಲಲ್ಲಿದ್ದ ರೆಕ್ಕೆಯೂ ಬಿಸಿಲು ಕಂಡ ಹಲಗೆಯೂ ಬೇರೆ ಬೇರೆ ಕಾಣುವುದು ಸಹಜ. ಎಲ್ಲವೂ ಒಂದೇ ಬಣ್ಣವಿದ್ದರೆ, ಮೇಲ್ಮೈಯನ್ನು ಉಜ್ಜಿ ಹೊಸದು ಮಾಡಿದ್ದಾರೆಯೇ ಎಂದು ಕೇಳುವುದು ಲೇಸು. ವೆನೀರಿನ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು. ಇನ್ನೊಂದು ಸಲ ಉಜ್ಜಲು ಅಲ್ಲಿ ಮರವೇ ಉಳಿದಿರಲಿಕ್ಕಿಲ್ಲ.