ನೀಲಿ ಮನೆಯಲ್ಲಿ ಒಂದು ದಿನ

ಹೋಟೆಲೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ದೋಸೆ, ಕಾಫಿ, ಹಾಸಿಗೆಯಲ್ಲ. ರಾತ್ರಿ ತಂಗುವ ಸ್ಥಳಕ್ಕೆ ಛತ್ರ, ವಸತಿಗೃಹ ಎಂಬ ಬೇರೆ ಹೆಸರುಗಳುಂಟು. ಮಲೇಷ್ಯದ ಪೆನಾಂಗ್ ದ್ವೀಪದಲ್ಲಿ, ಜಾರ್ಜ್ ಟೌನ್ ನಗರದ ಲೀತ್ ಬೀದಿಯಲ್ಲಿ ನಾನು ಕಂಡ ಹೋಟೆಲಿಗೆ ಈ ಯಾವ ಹೆಸರೂ ಹೊಂದದು. ಅದು ಒಬ್ಬ ಶ್ರೀಮಂತನ ಮನೆ. ಹಣ ತೆತ್ತವರು ಅಲ್ಲಿ ಒಂದೆರಡು ದಿನ ಮನೆಯವರಂತೆ ಇದ್ದು ಬರುತ್ತಾರೆ.

ಮನೆಯನ್ನು ಕಟ್ಟಿಸಿದವನು ಚಿಯೋಂಗ್ ಫಾಟ್ ಟ್ಸೆ. 1840ರಲ್ಲಿ ದಕ್ಷಿಣ ಚೀನದ ಬಡ ಕುಟುಂಬವೊಂದರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಹಡಗು ಹತ್ತಿ, ಇಂದು ಜಕಾರ್ತವೆನಿಸಿರುವ ಬಟೇವಿಯಾಕ್ಕೆ ಬಂದವನು. ವ್ಯಾಪಾರದಲ್ಲಿ ಅಪಾರ ಸಂಪತ್ತನ್ನು ಗಳಿಸಿ, ಮುಂದೆ ಪೆನಾಂಗಿನಲ್ಲಿ ಚೀನದ ರಾಜಪ್ರತಿನಿಧಿಯೂ ಆದನು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದಾಗ ಅವನು ಕಟ್ಟಿಸತೊಡಗಿದ ಈ ಸೌಧಕ್ಕೆ 38 ಕೋಣೆಗಳು, 5 ಅಂಗಳಗಳು, 7 ಮೆಟ್ಟಿಲುಸಾಲುಗಳು, 220 ಕಿಟಕಿಗಳು.

ಹೊಸಲು ದಾಟಿ ಒಳಗೆ ಕಾಲಿಟ್ಟಾಗ ನನಗೆ ಮಲೆನಾಡಿನ ತೊಟ್ಟಿಮನೆ ಕಣ್ಣಿಗೆ ಕಟ್ಟಿತು. ಅದೇ ತೆರೆದ ನಡುವಂಗಳ, ಸುತ್ತಲೂ ಅದೇ ಬಗೆಯ ಜಗಲಿ. ಕಂಬಗಳು ಮಾತ್ರ ಸ್ಕಾಟ್ಲೆಂಡಿನಿಂದ ಬಂದ ಎರಕದ ಕಬ್ಬಿಣದವು. ನೆಲದ ಬಿಲ್ಲೆಗಳು ಇಂಗ್ಲೆಂಡಿನವು. ಮರದ ಕೆತ್ತನೆ ಚೀನೀ ಕುಶಲಕರ್ಮಿಗಳದು. ನಾನು ನೋಡುತ್ತಿದ್ದಂತೆಯೇ ಮಳೆ ಬಂದಿತು. ಅಂಗಳದಲ್ಲಿ ಬಿದ್ದ ನೀರು ಅವಸರವಿಲ್ಲದೆ ಹರಿದುಹೋಯಿತು. ಚೀನೀಯರ ವಾಸ್ತುಶಾಸ್ತ್ರದಲ್ಲಿ ನೀರೆಂದರೆ ಸಂಪತ್ತು. ಮನೆಗೆ ಬಂದದ್ದು ಧಾವಿಸಿ ಹೊರಟುಹೋಗಬಾರದು.

ಯಜಮಾನನು 1916ರಲ್ಲಿ ತೀರಿಕೊಂಡನು. ತನ್ನ ಕಡೆಯ ಮಗನು ಬದುಕಿರುವತನಕ ಮನೆಯನ್ನು ಮಾರಕೂಡದೆಂಬುದು ಅವನ ಉಯಿಲು. ಆ ಒಂದು ಮಾತು ಮನೆಯನ್ನು ಉಳಿಸಿತು, ಸೊರಗಿಸಲೂ ಸೊರಗಿಸಿತು. ಕೋಣೆಕೋಣೆಗೂ ಬಿಡಾರಗಳು ಬಂದವು, ಗೋಡೆಗಳು ಶಿಥಿಲವಾದವು. 1989ರಲ್ಲಿ ಆ ಮಗನೂ ಕಾಲವಾದ ಮೇಲೆ, ವಾಸ್ತುಶಿಲ್ಪಿ ಲಾರೆನ್ಸ್ ಲೋ ಮತ್ತು ಅವರ ಸಂಗಡಿಗರು ಮನೆಯನ್ನು ಕೊಂಡು ಜೀರ್ಣೋದ್ಧಾರಕ್ಕೆ ಕೈಹಾಕಿದರು.

ಸಿಮೆಂಟನ್ನು ಮೆತ್ತಿ ಹೊಳೆಯುವ ಬಣ್ಣ ಹಚ್ಚಿಬಿಡುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಸುಣ್ಣದ ಗೋಡೆಗೆ ಸುಣ್ಣವೇ ಬೇಕು. ಆ ದ್ವೀಪದ ತೇವದ ಹವೆಯಲ್ಲಿ ಗೋಡೆ ಹೀರಿದ ನೀರು ಆರಿಹೋಗಲು ಸುಣ್ಣ ದಾರಿ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕಿ ಗೋಡೆಯನ್ನು ಕೊಳೆಯಿಸುತ್ತದೆ. ಆ ಸುಣ್ಣಕ್ಕೆ ಬೆರೆಸಿದ್ದು ನೀಲಿ. ಬರಿಯ ಬಿಳುಪು ಚೀನೀಯರಿಗೆ ಶೋಕದ ಬಣ್ಣವಷ್ಟೆ. ಹಿಂದೆ ಆ ನೀಲಿ ಹಡಗೇರಿ ಹೋಗುತ್ತಿದ್ದುದು ನಮ್ಮ ದೇಶದಿಂದ! ಹಬ್ಬ ಬಂತೆಂದರೆ ಸುಣ್ಣದ ಗಡಿಗೆಗೆ ಚಿಟಿಕೆ ನೀಲಿ ಹಾಕುತ್ತಿದ್ದ ನಮ್ಮ ಹಿರಿಯರ ನೆನಪಾಗಿ, ಪರದೇಶದ ಆ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿದೆ. ಬೆರಳಿಗೆ ತಣ್ಣಗೆನಿಸಿತು. ಈ ಶ್ರಮಕ್ಕೆ 2000ದಲ್ಲಿ ಯುನೆಸ್ಕೋ ಪ್ರಶಸ್ತಿ ಸಂದಿತು.

ಇಷ್ಟಾದರೂ ಮನಸ್ಸಿನಲ್ಲೊಂದು ಅಳುಕು ಉಳಿಯಿತು. ಮನೆಯೇನೋ ಉಳಿಯಿತು; ಸುತ್ತಲಿನ ಊರು? ಹಳೆಯ ಕಟ್ಟಡಗಳ ಬಾಡಿಗೆಗೆ ಮಿತಿ ಹಾಕಿದ್ದ ಕಾನೂನು 1999ರ ಕೊನೆಗೆ ಅಲ್ಲಿ ರದ್ದಾಯಿತು. ತಲೆಮಾರುಗಳಿಂದ ಅಂಗಡಿಮನೆಗಳಲ್ಲಿದ್ದ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿದವು. 2008ರಲ್ಲಿ ಜಾರ್ಜ್ ಟೌನ್ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗಳ ದಂಡೇ ಬಂದಿತು. ಬಡಗಿಯಿದ್ದಲ್ಲಿ, ತಗಡಿನ ಕೆಲಸದವನಿದ್ದಲ್ಲಿ ತಂಗುಮನೆಗಳೂ ಕಾಫಿಯ ಅಂಗಡಿಗಳೂ ಎದ್ದವು. ಕಂಬ, ಕಿಟಕಿಗಳನ್ನು ಕಾಪಾಡಬಲ್ಲ ನಿಯಮವನ್ನು ಬರೆಯಬಹುದು. ಸಂಜೆ ಜಗಲಿಯಲ್ಲಿ ಕುಳಿತು ನೆರೆಯವರನ್ನು ಮಾತನಾಡಿಸುವ ಮುದುಕನನ್ನು ಯಾವ ನಿಯಮ ಉಳಿಸೀತು?

ದೂರುವುದಕ್ಕೆ ನನಗೂ ಹಕ್ಕಿಲ್ಲ. ಆ ದಂಡಿನಲ್ಲಿ ನಾನೂ ಒಬ್ಬ. ಹೊರಡುವಾಗ ಗೋಡೆಯ ಮೂಲೆಯೊಂದರಲ್ಲಿ ನೀಲಿ ಎದ್ದು, ಒಳಗಿನ ಬಿಳುಪು ಕಾಣುತ್ತಿತ್ತು. ಸುಣ್ಣದ ಬಣ್ಣ ಶಾಶ್ವತವಲ್ಲ. ಮತ್ತೆ ಮತ್ತೆ ಬಳಿಯಬೇಕು. ಅದಕ್ಕೆ ಬೇಕಾದ ಹಣವನ್ನು ಅತಿಥಿಗಳೇ ತರಬೇಕು. ಆ ನೆಪದಲ್ಲಾದರೂ ನನ್ನ ಬಾಡಿಗೆಯ ಹಣ ವ್ಯರ್ಥವಾಗಲಿಲ್ಲವೆಂದುಕೊಂಡು ಬೀದಿಗಿಳಿದೆ. ಮಳೆ ನಿಂತಿತ್ತು.