ಲಾ ಫರ್ಮ್‌ಗೆ ಅರ್ಜಿ ಹಾಕುವ ನಮ್ಮ ಕಾನೂನು ಪದವೀಧರರಿಗೆ

ಕಾನೂನು ಪದವಿ ಮುಗಿಸಿದ ಯುವಜನರು ಶಿಫಾರಸು ಪತ್ರ ಕೇಳಿಕೊಂಡು ಚರ್ಚ್ ಕಚೇರಿಗೆ ಬರುವುದುಂಟು. ಗುಣನಡತೆಯ ಪತ್ರ ಕೊಡಲು ಧರ್ಮಗುರುಗಳಿಗೆ ಅಡ್ಡಿಯಿಲ್ಲ. ಆದರೆ ಬೆಂಗಳೂರು, ಮುಂಬೈಯ ಲಾ ಫರ್ಮ್‌ಗಳಲ್ಲಿ ಅದಕ್ಕಿಂತ, ಅಭ್ಯರ್ಥಿಯ ಕೆಲಸವನ್ನು ಕಣ್ಣಾರೆ ಕಂಡ ವಕೀಲರ ಅಥವಾ ಪ್ರಾಧ್ಯಾಪಕರ ಎರಡು ಸಾಲು ಹೆಚ್ಚು ತೂಗುತ್ತದೆ.

ಲಾ ಫರ್ಮ್ ಎಂದರೆ ಹಲವು ವಕೀಲರು ಪಾಲುದಾರರಾಗಿ ನಡೆಸುವ ಸಂಸ್ಥೆ. ಅಲ್ಲಿ ಕಂಪೆನಿ ಒಪ್ಪಂದ, ಬ್ಯಾಂಕ್ ಸಾಲ, ಜಮೀನು, ಕಾರ್ಮಿಕ ಕಾನೂನು, ಮೊಕದ್ದಮೆ ಹೀಗೆ ವಿಭಾಗಗಳಿರುತ್ತವೆ. ಊರಿನಲ್ಲಿ ಸೀನಿಯರ್ ವಕೀಲರ ಬಳಿ ಜೂನಿಯರ್ ಆಗಿ ಸೇರಿದವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಯುತ್ತಾರೆ. ಫರ್ಮ್ ಸೇರಿದವರು ಒಂದು ವಿಭಾಗದಲ್ಲಿ ಆಳಕ್ಕಿಳಿಯುತ್ತಾರೆ. ದೊಡ್ಡ ಫರ್ಮ್‌ಗಳು ಹೊಸಬರನ್ನು ಹೆಚ್ಚಾಗಿ ರಾಷ್ಟ್ರೀಯ ಕಾನೂನು ಶಾಲೆಗಳ ಕ್ಯಾಂಪಸ್‌ನಿಂದಲೇ ಆರಿಸಿಕೊಳ್ಳುತ್ತವೆ. ಇತರ ಕಾಲೇಜಿನವರಿಗೆ ಇರುವ ಮುಖ್ಯ ಬಾಗಿಲು ಇಂಟರ್ನ್‌ಶಿಪ್. ಆದುದರಿಂದ ಫಲಿತಾಂಶ ಬರುವವರೆಗೆ ಕಾಯದೆ, ಕೊನೆಯ ಎರಡು ವರ್ಷಗಳ ರಜೆಯಲ್ಲೇ ಒಂದು ಮಧ್ಯಮ ಗಾತ್ರದ ಫರ್ಮ್‌ನಲ್ಲಿ ತಿಂಗಳು ಕಾಲ ಕೆಲಸ ಮಾಡುವುದು ಒಳ್ಳೆಯದು.

ಇನ್ನು ಬಯೋಡೇಟಾ. 'ಕಠಿಣ ಪರಿಶ್ರಮಿ', 'ತಂಡದಲ್ಲಿ ಬೆರೆಯುವವನು' ಎಂಬ ಮಾತುಗಳನ್ನು ಯಾರೂ ಓದುವುದಿಲ್ಲ. ನೀವು ಏನು ಮಾಡಬಲ್ಲಿರಿ ಎಂಬುದನ್ನು ಬರೆಯಿರಿ. ಇಲ್ಲಿ ನಮ್ಮ ಕರಾವಳಿಯವರು ತಮ್ಮಲ್ಲಿರುವ ಒಂದು ಬಲವನ್ನು ಮುಚ್ಚಿಡುತ್ತಾರೆ ಎಂದು ನಮಗನಿಸುತ್ತದೆ. ಬೆಂಗಳೂರಿನಲ್ಲಿ ಜಮೀನು ಖರೀದಿಸುವ ಕಂಪೆನಿಯೋ ಅಡವು ಪಡೆಯುವ ಬ್ಯಾಂಕೋ ಮೊದಲು ಕೇಳುವುದು ಹಕ್ಕು ಪರಿಶೀಲನೆಯ ವರದಿಯನ್ನು. ಅದಕ್ಕೆ ಆರ್‌ಟಿಸಿ, ಮ್ಯುಟೇಶನ್, ಋಣಭಾರ ಪತ್ರ, ಹಳೆಯ ಕ್ರಯಪತ್ರ, ವಿಭಾಗಪತ್ರ ಎಲ್ಲವನ್ನೂ ಓದಬೇಕು, ಇವುಗಳಲ್ಲಿ ಬಹುಪಾಲು ಕನ್ನಡದಲ್ಲೇ ಇವೆ. ಭೂಸುಧಾರಣೆಯ 1974ರ ತಿದ್ದುಪಡಿಯ ನಂತರ ನಮ್ಮ ಎಷ್ಟೋ ಕುಟುಂಬಗಳು ಡಿಕ್ಲರೇಶನ್ ಕೊಟ್ಟು ಜಾಗ ಪಡೆದವು. ಏಳನೇ ನಮೂನೆಯ ಅರ್ಜಿ, ಭೂ ನ್ಯಾಯಮಂಡಳಿಯ ಆದೇಶ, ಹತ್ತನೇ ನಮೂನೆಯ ಪ್ರಮಾಣಪತ್ರ ಇವು ನಮ್ಮ ಮನೆಯ ಕಪಾಟಿನಲ್ಲೇ ಇರುವ ಕಾಗದಗಳು. ಇವನ್ನು ಓದಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಸಾರಾಂಶ ಬರೆಯಬಲ್ಲವರು ಅದನ್ನು ಬಯೋಡೇಟಾದ ಮೊದಲ ಪುಟದಲ್ಲೇ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದೆ ಎಂದು ಹಿಂಜರಿಯುವವರಿಗೆ ಈ ಮಾತು ವಿಶೇಷವಾಗಿ.

ಬರವಣಿಗೆಯ ಮಾದರಿಯಾಗಿ ಎರಡು ಮೂರು ಪುಟ ಜತೆಗಿಡಿ. ಇಂಟರ್ನ್‌ಶಿಪ್‌ನಲ್ಲಿ ಬರೆದದ್ದಾದರೆ ಆ ಕಚೇರಿಯ ಒಪ್ಪಿಗೆ ಪಡೆದು, ಕಕ್ಷಿದಾರರ ಗುರುತು ಸಿಗುವ ಎಲ್ಲವನ್ನೂ ತೆಗೆದುಹಾಕಬೇಕು. ಬೇರೆಯವರ ಗುಟ್ಟು ಕಾಯದವರನ್ನು ಯಾವ ವಕೀಲರೂ ಇಟ್ಟುಕೊಳ್ಳುವುದಿಲ್ಲ. ಹಾಗೆಯೇ ಒಂದೇ ಪತ್ರವನ್ನು ಐವತ್ತು ಕಡೆಗೆ ಕಳುಹಿಸುವಾಗ ಹಿಂದಿನ ಫರ್ಮ್‌ನ ಹೆಸರು ಉಳಿದುಹೋದರೆ ಅರ್ಜಿ ಅಲ್ಲಿಗೇ ಮುಗಿಯಿತು.

ಹೆತ್ತವರು ಕೇಳುವ ಪ್ರಶ್ನೆ, ಪಿಎಫ್ ಇದೆಯೇ? ಅನೇಕ ಫರ್ಮ್‌ಗಳು ಯುವ ವಕೀಲರಿಗೆ ಕೊಡುವುದು ಸಂಬಳವಲ್ಲ, ವೃತ್ತಿ ಶುಲ್ಕ. ಹಾಗಾಗಿ ಪಿಎಫ್ ಇರುವುದಿಲ್ಲ. ಇದು ಮೋಸವಲ್ಲ. ಪೂರ್ಣಾವಧಿ ಸಂಬಳದ ನೌಕರನಾಗಿ ವಕೀಲಿ ವೃತ್ತಿ ನಡೆಸಲು ವಕೀಲರ ಪರಿಷತ್ತಿನ ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ. ಆದರೂ ಮೊತ್ತ, ರಜೆ, ಬಿಡುವ ಮೊದಲು ಕೊಡಬೇಕಾದ ನೋಟೀಸ್ ಅವಧಿ ಇವನ್ನು ಲಿಖಿತವಾಗಿ ಪಡೆದೇ ಸೇರಬೇಕು.

ಎಲ್ಲಿ ಸೇರಿದರೂ ಸನ್ನದು ಪಡೆಯುವುದನ್ನು ಮುಂದೂಡಬೇಡಿ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಮೀರಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ತೀರ್ಪಿತ್ತಿದೆ. ಮೊದಲು ಸಿಗುವುದು ತಾತ್ಕಾಲಿಕ ನೋಂದಣಿ. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು. ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷಗಳ ವಕೀಲಿಕೆ ಬೇಕೆಂದು 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಹೇಳಿದಾಗ, ಆ ಲೆಕ್ಕವನ್ನು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಹಿಡಿಯಿತು.